ನೀರಿಗಿಂತ ಮುಂಚೆ ಬಂದ ಕ್ಯಾಮೆರಾ



ಗಾಳಿಯಲ್ಲಿ ದನಿಯಾಗಿ ಸಿಗುವ ನಾನು ಈ ಪುಟದಲ್ಲಿ ಅಕ್ಷರವಾಗಿ ಸಿಗುತ್ತಿದ್ದೇನೆ. "ರೇಡಿಯೋದವರಿಗೆ ಚಿತ್ರದ ಉಸಾಬರಿ ಯಾಕೆ?" ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ! ಈ ಸಲ ಹೇಳುತ್ತಿರುವುದು ಊರು ಮುಳುಗುವಾಗ, ಗುಡಿಸಲು ಉರುಳುವಾಗ, ಕಾಡು ಗಣಿಯಾಗುವಾಗ ವಿಡಿಯೋ ಕ್ಯಾಮೆರಾ ಹಿಡಿದು ನಿಂತವರ ಚರಿತ್ರೆ. ಅವರು ಕಂಡದ್ದನ್ನು ಹಿಡಿದಿಟ್ಟರು, ಕೇಳಿದ್ದನ್ನೂ ಹಿಡಿದಿಟ್ಟರು. ಹಾಗಾಗಿ ನಮ್ಮ ರೇಡಿಯೋ ಜಾತಿಗೂ ಇದರಲ್ಲಿ ಒಂದಿಷ್ಟು ಪಾಲಿದೆ.

ಮೊದಲು ಒಂದು ಸಣ್ಣ ಪ್ರಶ್ನೆ. ಇದನ್ನು ಓದುತ್ತಿರುವಾಗ ನಿಮ್ಮ ತಲೆಯ ಮೇಲೆ ಫ್ಯಾನ್ ತಿರುಗುತ್ತಿರಬಹುದು, ಪಕ್ಕದಲ್ಲಿ ಒಂದು ಲೋಟ ನೀರಿರಬಹುದು. ಆ ಕರೆಂಟು, ಆ ನೀರು ಎಲ್ಲಿಂದ ಬಂತು? ನಲ್ಲಿಯಿಂದ ಬಂತು, ಸ್ವಿಚ್ಚಿನಿಂದ ಬಂತು ಎನ್ನಬೇಡಿ. ಸ್ವಲ್ಪ ಹಿಂದಕ್ಕೆ ಹೋಗೋಣ.

ಚಿತ್ರವಿಲ್ಲದ ಊರುಗಳು

ಪುಣೆಯ ಕೇಳುಗರಿಗೆ ಮುಳಶಿ ಗೊತ್ತು. ಮಳೆಗಾಲದಲ್ಲಿ ಗೆಳೆಯರ ಜೊತೆ ಕಾರು ಹತ್ತಿ ಹೋಗಿ, ಬಿಸಿ ಭಜಿ ತಿಂದು, ಕೆರೆಯ ಮುಂದೆ ಫೋಟೋ ತೆಗೆಸಿಕೊಂಡು ಬರುವ ಜಾಗ. ಅದು ಕೆರೆಯಲ್ಲ, ಅಣೆಕಟ್ಟಿನ ಹಿನ್ನೀರು. ಮುಂಬಯಿಗೆ ವಿದ್ಯುತ್ ಕೊಡಲು ಟಾಟಾ ಕಂಪನಿ ಅಲ್ಲಿ ಕಟ್ಟೆ ಕಟ್ಟಲು ಹೊರಟಾಗ, 1921ರಲ್ಲಿ ಮುಳಶಿಯ ರೈತರು ಸತ್ಯಾಗ್ರಹ ಹೂಡಿದರು. ಮುಂದಾಳಾಗಿದ್ದವರು ಪಾಂಡುರಂಗ ಮಹಾದೇವ ಬಾಪಟ್. 'ಸೇನಾಪತಿ ಬಾಪಟ್' ಎಂಬ ಹೆಸರು ಅವರಿಗೆ ಬಂದದ್ದೇ ಈ ಹೋರಾಟದಿಂದ. ಸುಮಾರು ಮೂರು ವರ್ಷ ನಡೆದ ಆ ಹೋರಾಟ ಸೋತಿತು. 1927ರಲ್ಲಿ ಭಿರಾ ವಿದ್ಯುದಾಗಾರ ಶುರುವಾಯಿತು, ಮುಂಬಯಿಯ ದೀಪಗಳು ಹತ್ತಿದವು. ಮುಳುಗಿದ ಗದ್ದೆ, ಮನೆ, ದೇವರ ಕಟ್ಟೆ ಹೇಗಿದ್ದವು? ತೆರೆಯ ಮೇಲೆ ನೋಡೋಣವೆಂದರೆ ಇಲ್ಲ. ಆಗ ಸಿನಿಮಾ ಕ್ಯಾಮೆರಾ ಎಂಬುದು ದೊಡ್ಡವರ ವಸ್ತು. ಮುಳಶಿಯ ಗದ್ದೆಗೆ ಅದು ಯಾಕೆ ಬರಬೇಕು?

ಹೈದರಾಬಾದಿನ ಕೇಳುಗರೇ, ನಿಮ್ಮ ನಲ್ಲಿಗೆ ಬರುವ ಕೃಷ್ಣೆಯ ನೀರು ನಾಗಾರ್ಜುನಸಾಗರದ್ದು. ಆ ಜಲಾಶಯದಡಿ ನಾಗಾರ್ಜುನಕೊಂಡದ ಪ್ರಾಚೀನ ಬೌದ್ಧ ನೆಲೆ ಮುಳುಗುತ್ತದೆಂದು ತಿಳಿದಾಗ ಸರ್ಕಾರ ಸುಮ್ಮನೆ ಕೂರಲಿಲ್ಲ. 1954ರಿಂದ 1960ರವರೆಗೆ ಪುರಾತತ್ವ ಇಲಾಖೆ ಅಲ್ಲಿ ಅಗೆಯಿತು, ಅಳೆಯಿತು, ಬರೆದಿಟ್ಟಿತು. ಮುಖ್ಯವಾದ ಅವಶೇಷಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿತು. ಒಳ್ಳೆಯ ಕೆಲಸ. ಸಾವಿರದ ಏಳುನೂರು ವರ್ಷ ಹಿಂದಿನ ಕಲ್ಲುಗಳು ಉಳಿದವು. ಆದರೆ ಅದೇ ಕಣಿವೆಯಲ್ಲಿ ಉಸಿರಾಡುತ್ತಿದ್ದ ಹಳ್ಳಿಗಳ ಒಲೆ, ಹಟ್ಟಿ, ಜಗಲಿಗಳಿಗೆ ಅಷ್ಟು ದೊಡ್ಡ ಏರ್ಪಾಡು ಇರಲಿಲ್ಲ. ಸತ್ತ ಊರಿಗೆ ಸಾಕ್ಷಿ ಸಿಕ್ಕಿತು, ಬದುಕಿದ್ದ ಊರಿಗೆ ಸಿಗಲಿಲ್ಲ!

ದೆಹಲಿಯವರಿಗೂ ಇಂಥದೇ ಲೆಕ್ಕ. ಸೋನಿಯಾ ವಿಹಾರದ ಶುದ್ಧೀಕರಣ ಘಟಕಕ್ಕೆ ಗಂಗಾ ಕಾಲುವೆಯಲ್ಲಿ ಹರಿದು ಬರುವ ನೀರಿನ ಹಿಂದೆ ಟಿಹರಿ ಅಣೆಕಟ್ಟು ಇದೆ. ಅದರ ಹಿನ್ನೀರಿನಡಿ ಹಳೇ ಟಿಹರಿ ಪಟ್ಟಣ ಇದೆ.

ಇನ್ನು ನಮ್ಮ ಶರಾವತಿ. ಹಿರೇಭಾಸ್ಕರ ಅಣೆಕಟ್ಟು, ಅಂದರೆ ಜನ ಮಡೆನೂರು ಕಟ್ಟೆ ಎನ್ನುವುದು, 1948ರ ಹೊತ್ತಿಗೆ ಮುಗಿಯಿತು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಆ ಕಟ್ಟೆಯೇ ಮುಳುಗಿಹೋಯಿತು. ಬರಗಾಲದ ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮತ್ತೆ ತಲೆ ಎತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಊರನ್ನು ಮುಳುಗಿಸಿದ ಕಟ್ಟೆ ತಾನೂ ಮುಳುಗಿ ಸಾಕ್ಷಿ ಹೇಳುವುದೆಂದರೆ ಇದೇ ಇರಬೇಕು. ಆ ನೆಲದ ಸಂಕಟಕ್ಕೆ ನಮಗೆ ಸಿಕ್ಕ ದೊಡ್ಡ ಸಾಕ್ಷಿ ಕಾದಂಬರಿ. ಬಿ.ಎ. ತರಗತಿಯಲ್ಲಿ ಕನ್ನಡ ಓದಿದ ನಮ್ಮಂಥವರಿಗೆ 'ಮುಳುಗಡೆ' ಎಂಬ ಮಾತು ಮೊದಲು ತಟ್ಟಿದ್ದು ನಾ. ಡಿಸೋಜ ಅವರ ಬರಹದಲ್ಲಿ. ಅವರ 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಚಲನಚಿತ್ರ ಮಾಡಿದರು. ಅದಕ್ಕೆ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಕತೆಗಾರ ಇಲ್ಲದಿದ್ದರೆ ಆ ನೋವು ಮಲೆನಾಡಿನ ಕೆಲವು ಮನೆಗಳ ಮಾತಾಗಿಯೇ ಉಳಿದುಬಿಡುತ್ತಿತ್ತು. ಆದರೆ ಕತೆ ಕತೆಯೇ. "ಇದು ಕಲ್ಪನೆ" ಎಂದು ಅಧಿಕಾರಿಯೊಬ್ಬ ಕೈಕೊಡವಬಹುದು. ನಿಜವಾದ ಮನೆ, ನಿಜವಾದ ಹೊಸಿಲು, ಅದರ ಮೇಲೆ ನಿಂತು ಮಾತನಾಡುವ ನಿಜವಾದ ಮನುಷ್ಯ... ಅದನ್ನು ತೋರಿಸಲು ಬೇರೆಯೇ ಒಂದು ಸಾಧನ ಬೇಕಿತ್ತು.

ಸರ್ಕಾರದ ಕ್ಯಾಮೆರಾ, ಜನರ ಪ್ರಶ್ನೆ

ಕ್ಯಾಮೆರಾ ಇರಲಿಲ್ಲ ಎಂದಲ್ಲ. ಇತ್ತು, ಸರ್ಕಾರದ ಕೈಯಲ್ಲಿತ್ತು. 1948ರಲ್ಲಿ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಶುರುವಾಯಿತು. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರುತ್ತದೆ, ಟಾಕೀಸಿನಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ಬರುತ್ತಿದ್ದ ಕಪ್ಪು ಬಿಳುಪಿನ ವಾರ್ತಾಚಿತ್ರ. ಗಂಭೀರ ಗಂಡು ದನಿ, ಹಿಂದೆ ವಾದ್ಯ, ಮುಂದೆ ಕಾಂಕ್ರೀಟ್ ಗೋಡೆ, ಧುಮ್ಮಿಕ್ಕುವ ನೀರು. ಅಣೆಕಟ್ಟುಗಳನ್ನು ಹೊಸ ಕಾಲದ ದೇವಾಲಯಗಳೆಂದು ಕರೆದ ಕಾಲ ಅದು. ದೇವಾಲಯದ ಚಿತ್ರ ತೆಗೆಯುವವನು ಅಡಿಪಾಯದ ಕೆಳಗೆ ಯಾರ ಮನೆ ಇತ್ತು ಎಂದು ಕೇಳುವುದಿಲ್ಲ ನೋಡಿ. ಆ ಚಿತ್ರಗಳಲ್ಲಿ ಸುಳ್ಳು ಇತ್ತೆಂದು ಹೇಳುತ್ತಿಲ್ಲ. ದೇಶಕ್ಕೆ ನೀರೂ ಬೇಕಿತ್ತು, ದೀಪವೂ ಬೇಕಿತ್ತು. ಕ್ಯಾಮೆರಾ ನಿಂತ ಜಾಗ ಮಾತ್ರ ಯಾವಾಗಲೂ ಕಟ್ಟೆಯ ಮೇಲೆ. ಹಿನ್ನೀರಿನ ಕಡೆಗೆ ಅದು ತಿರುಗಿದ್ದು ಅಪರೂಪ.

ಅದು ತಿರುಗಿದ ಒಂದು ಮುಖ್ಯ ಗಳಿಗೆ ಮುಂಬಯಿಯಲ್ಲೇ ಸಿಗುತ್ತದೆ. 1981ರಲ್ಲಿ ಮಹಾರಾಷ್ಟ್ರ ಸರ್ಕಾರ ಪಾದಚಾರಿ ಮಾರ್ಗದಲ್ಲಿದ್ದವರ ಗುಡಿಸಲು ಕಿತ್ತುಹಾಕಲು ಹೊರಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಪತ್ರಕರ್ತೆ ಓಲ್ಗಾ ಟೆಲಿಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಆ ಪ್ರಕರಣದ ತೀರ್ಪು 1985ರಲ್ಲಿ ಬಂತು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಕೋರ್ಟು ಹೇಳಿತು. ಆದರೆ ನೋಟಿಸ್ ಕೊಟ್ಟು ತೆರವು ಮಾಡುವುದಕ್ಕೆ ಅಡ್ಡಿ ಮಾಡಲಿಲ್ಲ. ಅದೇ 1985ರಲ್ಲಿ ಆನಂದ ಪಟವರ್ಧನ್ ಅವರ 'ಹಮಾರಾ ಶಹರ್' ಸಾಕ್ಷ್ಯಚಿತ್ರ ಬಂತು. ನಗರ ಕಟ್ಟುವವರನ್ನೇ ನಗರ ಹೇಗೆ ಹೊರಗೆ ತಳ್ಳುತ್ತದೆ ಎಂಬುದು ಅದರ ವಸ್ತು.

ಆ ಚಿತ್ರದಲ್ಲಿ ಒಂದು ದೃಶ್ಯವಿದೆ. ಗುಡಿಸಲು ಕಳೆದುಕೊಂಡ ಒಬ್ಬ ಹೆಂಗಸು ಕ್ಯಾಮೆರಾ ಹಿಡಿದವರ ಮೇಲೇ ತಿರುಗಿ ಬೀಳುತ್ತಾಳೆ. ನಮ್ಮ ಪಟ ತೆಗೆದು ನೀವು ಹೆಸರು ಮಾಡುತ್ತೀರಿ, ನಮಗೇನು ಬಂತು ಎಂಬ ಅರ್ಥದ ಪ್ರಶ್ನೆ. ಬೇರೆ ಯಾರಾದರೂ ಆಗಿದ್ದರೆ ಆ ತುಂಡನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ಪಟವರ್ಧನ್ ಅದನ್ನು ಚಿತ್ರದಲ್ಲೇ ಇಟ್ಟರು. ಈ ಓಲೆಯ ಉಳಿದ ಭಾಗವೆಲ್ಲ ಆ ಹೆಂಗಸಿನ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಎಂದುಕೊಳ್ಳಿ.

ಒಂದು ಉತ್ತರ ಮರುವರ್ಷವೇ ಸಿಕ್ಕಿತು. 1986ರಲ್ಲಿ ದಕ್ಷಿಣ ಮುಂಬಯಿಯ ಸಂಜಯ ಗಾಂಧಿ ನಗರ ಎಂಬ ಕೊಳೆಗೇರಿಯನ್ನು ಕೆಡವಿದಾಗ ಪಟವರ್ಧನ್ ಅಲ್ಲಿನ ಜನರೊಂದಿಗೆ, ನಟಿ ಶಬಾನಾ ಆಜ್ಮಿ ಅವರೊಂದಿಗೆ ಉಪವಾಸ ಕೂತರು. ಕೊನೆಗೆ ಆ ಕುಟುಂಬಗಳಿಗೆ ಗೋರೆಗಾಂವ್ ಹತ್ತಿರದ ದಿಂಡೋಶಿಯಲ್ಲಿ ಬದಲಿ ಜಾಗ ಸಿಕ್ಕಿತು. ಅದು ಸಿಕ್ಕಿದ್ದು ಚಿತ್ರದಿಂದಲ್ಲ, ಚಿತ್ರ ಮಾಡಿದವನೂ ಜನರೂ ಒಂದೇ ಚಾಪೆಯ ಮೇಲೆ ಹಸಿದು ಕೂತದ್ದರಿಂದ. ಇದನ್ನು ನೆನಪಿಟ್ಟುಕೊಳ್ಳಿ.

ಚಿಕ್ಕ ಕ್ಯಾಮೆರಾದ ದೊಡ್ಡ ಕೆಲಸ

'ಹಮಾರಾ ಶಹರ್' ತೆಗೆದದ್ದು 16 ಎಂಎಂ ಫಿಲ್ಮಿನಲ್ಲಿ. ಅದರ ಕಷ್ಟ ಕೇಳಿ. 400 ಅಡಿಯ ಒಂದು ಸುರುಳಿಗೆ ಸಿಗುವುದು ಸುಮಾರು 11 ನಿಮಿಷ. ಆಮೇಲೆ ಲ್ಯಾಬಿಗೆ ಕೊಟ್ಟು ತೊಳೆಸಬೇಕು. ದನಿಗೆ ಬೇರೆ ಯಂತ್ರ, ಬೇರೆ ಮನುಷ್ಯ. ಖರ್ಚೂ ಜಾಸ್ತಿ, ಹೊರೆಯೂ ಜಾಸ್ತಿ. ರಸ್ತೆಯೇ ಇಲ್ಲದ, ದೋಣಿಯಲ್ಲಿ ಹೋಗಿ ಗುಡ್ಡ ಹತ್ತಬೇಕಾದ ಹಳ್ಳಿಗೆ ಇದನ್ನೆಲ್ಲ ಹೊತ್ತು ಎಷ್ಟು ಸಲ ಹೋಗಲು ಸಾಧ್ಯ?

ಇಲ್ಲಿಯೇ ವಿಡಿಯೋ ಬಂತು. 1980ರ ದಶಕದಲ್ಲಿ ನಮ್ಮೂರ ಮದುವೆ ಮನೆಗಳಿಗೆ ಬಂದ ಅದೇ ವಿಡಿಯೋ! 1989ರಲ್ಲಿ ಹೈ-8 ಎಂಬ ಸಣ್ಣ ಕ್ಯಾಸೆಟ್ಟಿನ ಕ್ಯಾಮೆರಾ ಮಾರುಕಟ್ಟೆಗೆ ಬಂತು, 1995ರ ಹೊತ್ತಿಗೆ ಡಿಜಿಟಲ್ ಡಿವಿ ಬಂತು. ಒಂದು ಕ್ಯಾಸೆಟ್ಟಿಗೆ ಒಂದು ಗಂಟೆ, ಮೇಲೆಯೂ. ಚಿತ್ರ, ದನಿ ಎರಡೂ ಒಂದೇ ಪಟ್ಟಿಯಲ್ಲಿ. ಹೆಗಲಿಗೆ ಒಂದು ಚೀಲ ಸಾಕು, ಒಬ್ಬರೇ ಹೋಗಬಹುದು. ಹಗಲು ತೆಗೆದದ್ದನ್ನು ಅದೇ ಸಂಜೆ ಊರವರಿಗೇ ತೋರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮತ್ತೆ ಮತ್ತೆ ಹೋಗಬಹುದು.

ಮತ್ತೆ ಮತ್ತೆ ಹೋಗುವುದು ಯಾಕೆ ಮುಖ್ಯ ಎನ್ನುವುದಕ್ಕೆ ನರ್ಮದೆಯ ಕತೆ ಹೇಳಬೇಕು.

ಸರ್ದಾರ್ ಸರೋವರಕ್ಕೆ ಅಡಿಗಲ್ಲು ಬಿದ್ದದ್ದು 1961ರ ಏಪ್ರಿಲ್ 5ರಂದು, ನೆಹರೂ ಅವರಿಂದ. ರಾಜ್ಯಗಳ ನೀರಿನ ಜಗಳ ನ್ಯಾಯಮಂಡಳಿಗೆ ಹೋಗಿ, 1979ರಲ್ಲಿ ತೀರ್ಪು ಬಂತು. ನಮ್ಮ ಕೃಷ್ಣೆ, ಕಾವೇರಿಯ ಮಂಡಳಿಗಳನ್ನು ಕಂಡ ನಿಮಗೆ ಇದೇನು ಹೊಸದಲ್ಲ. ಸರ್ಕಾರಿ ಲೆಕ್ಕದಲ್ಲೇ ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತ್ ಸೇರಿ 245 ಹಳ್ಳಿಗಳಿಗೆ ಹಿನ್ನೀರಿನ ಬಾಧೆ. ಭೂಮಿ ಕಳೆದುಕೊಳ್ಳುವವರಿಗೆ ಬದಲಿ ಭೂಮಿ ಕೊಡಬೇಕೆಂದು ನ್ಯಾಯಮಂಡಳಿ ಹೇಳಿತ್ತು. ಆ ಕಾಲಕ್ಕೆ ಅದು ದೊಡ್ಡ ಮಾತೇ.

ತೊಡಕು ಇದ್ದದ್ದು ಕಾಗದದಲ್ಲಿ. ಗುಡ್ಡಗಾಡಿನ ಆದಿವಾಸಿಗಳಲ್ಲಿ ಎಷ್ಟೋ ಜನ ತಲೆಮಾರುಗಳಿಂದ ಉಳುತ್ತಿದ್ದದ್ದು ಅರಣ್ಯ ಇಲಾಖೆ ತನ್ನದೆನ್ನುವ ನೆಲವನ್ನು. ಪಹಣಿಯಲ್ಲಿ ಅವರ ಹೆಸರಿಲ್ಲ. ಇಲಾಖೆಯ ಭಾಷೆಯಲ್ಲಿ ಅವರು ಒತ್ತುವರಿದಾರರು. ಹೆಸರಿಲ್ಲದವನಿಗೆ ಪರಿಹಾರ ಎಲ್ಲಿಂದ? ಈ ಜಾಗದಲ್ಲಿ ವಿಡಿಯೋದ ಬೆಲೆ ತಿಳಿಯುತ್ತದೆ. ಕಾಗದ "ಇಲ್ಲಿ ಯಾರೂ ಇಲ್ಲ" ಎನ್ನುವಾಗ, ಚಿತ್ರ "ಇಗೋ, ಇವನ ಹೊಲ, ಇವಳ ಮನೆ, ಇವರ ಹಿರಿಯರ ಸಮಾಧಿ" ಎನ್ನುತ್ತದೆ. ಊರು ಮುಳುಗುವ ಮುಂಚೆ ಮುಳುಗುವುದು ಊರಿತ್ತು ಎನ್ನುವ ಪುರಾವೆ. ಕ್ಯಾಮೆರಾ ಹಿಡಿದವರು ಉಳಿಸಲು ಹೊರಟದ್ದು ಆ ಪುರಾವೆಯನ್ನು.

ನರ್ಮದೆಯ ದಿನಚರಿ

ಪಟವರ್ಧನ್ ಮತ್ತು ಸಿಮಂತಿನಿ ಧುರು 1990ರಿಂದ ಕೆಲವು ವರ್ಷ ಈ ಕಣಿವೆಗೆ ಓಡಾಡಿದರು. ಮಹಾರಾಷ್ಟ್ರದಲ್ಲಿ ಮೊದಲು ಮುಳುಗಡೆಗೆ ಬಂದ ಮಣಿಬೇಲಿಗೆ ಹೋದರು. ಸಭೆ, ಮೆರವಣಿಗೆ, ಪೊಲೀಸರ ಕಾವಲು, ಉಪವಾಸ, ಹಬ್ಬ ಎಲ್ಲವೂ ಅವರ ಕ್ಯಾಸೆಟ್ಟಿಗೆ ಇಳಿಯಿತು. 1995ರಲ್ಲಿ ಹೊರಬಂದ ಚಿತ್ರಕ್ಕೆ ಅವರಿಟ್ಟ ಹೆಸರು 'ನರ್ಮದಾ ಡೈರಿ'. ಹೆಸರೇ ಅದರ ಧಾಟಿ ಹೇಳುತ್ತದೆ. ದಿನಚರಿ ಬರೆಯುವವನಿಗೆ ನಾಳೆ ಏನಾಗುತ್ತದೆಂದು ಗೊತ್ತಿರುವುದಿಲ್ಲ. ಇವತ್ತು ಕಂಡದ್ದನ್ನು ಇವತ್ತಿನ ತಾರೀಕು ಹಾಕಿ ಬರೆಯುತ್ತಾನೆ. ಕೋರ್ಟಿನಲ್ಲಿ ತಾರೀಕಿಗೆ ಎಷ್ಟು ಬೆಲೆ ಎಂದು ವಕೀಲ ಗೆಳೆಯರನ್ನು ಕೇಳಿ, ಹೇಳುತ್ತಾರೆ.

ಅವರೊಬ್ಬರೇ ಅಲ್ಲ. ದೆಹಲಿಯಲ್ಲಿ ಹುಟ್ಟಿ ಕೆನಡಾ ಸೇರಿದ ಅಲಿ ಕಾಜಿಮಿ, 1990ರ ಡಿಸೆಂಬರಿನಲ್ಲಿ ಹೊರಟ ಸಂಘರ್ಷ ಯಾತ್ರೆಯ ಜೊತೆಗೇ ನಡೆದು 1994ರಲ್ಲಿ 'ನರ್ಮದಾ: ಎ ವ್ಯಾಲಿ ರೈಸಸ್' ಮುಗಿಸಿದರು. ಇಂಗ್ಲೆಂಡಿನ ಫ್ರ್ಯಾನಿ ಆರ್ಮ್‌ಸ್ಟ್ರಾಂಗ್ ಜಲಸಿಂಧಿ ಎಂಬ ಹಳ್ಳಿಯ ಒಂದೇ ಕುಟುಂಬವನ್ನು ಹಿಂಬಾಲಿಸಿ 2002ರಲ್ಲಿ 'ಡ್ರೌನ್ಡ್ ಔಟ್' ಮಾಡಿದರು. ಮನೆಯ ಯಜಮಾನ ಊರಿನ ನಾಟಿ ವೈದ್ಯ. ಅವನ ಔಷಧಿಯ ಬೇರು ಸಿಗುವುದು ಆ ಕಾಡಿನಲ್ಲಿ. ಕಾಡು ಹೋದರೆ ಅವನ ವಿದ್ಯೆಗೆ ನೆಲ ಇಲ್ಲ. ಇದನ್ನು ಯಾವ ಪರಿಹಾರದ ಪಟ್ಟಿಯಲ್ಲಿ ಬರೆಯುತ್ತೀರಿ? ಅದೇ 2002ರಲ್ಲಿ ಸಂಜಯ್ ಕಾಕ್ ಅವರ 'ವರ್ಡ್ಸ್ ಆನ್ ವಾಟರ್' ಬಂತು.

ಈ ನಡುವೆ ಏನೇನಾಯಿತು? ವಿಶ್ವಬ್ಯಾಂಕ್ ತಾನೇ ನೇಮಿಸಿದ ಮೋರ್ಸ್ ಸಮಿತಿ 1992ರಲ್ಲಿ ಯೋಜನೆಯ ಪುನರ್ವಸತಿಯನ್ನು ಕಟುವಾಗಿ ಟೀಕಿಸಿತು. 1993ರಲ್ಲಿ ಬ್ಯಾಂಕಿನ ಸಾಲ ನಿಂತಿತು. 1995ರಲ್ಲಿ ಸುಪ್ರೀಂ ಕೋರ್ಟು ಎತ್ತರ ಏರಿಸುವುದನ್ನು ತಡೆಯಿತು. ಗೆದ್ದೆವು ಎನ್ನುವ ಹೊತ್ತಿಗೆ, 2000ದ ಅಕ್ಟೋಬರ್ 18ರಂದು ಬಹುಮತದ ತೀರ್ಪು ಕಟ್ಟಲು ಅನುಮತಿ ಕೊಟ್ಟಿತು. ನ್ಯಾಯಮೂರ್ತಿ ಭರೂಚಾ ಒಬ್ಬರೇ ಭಿನ್ನಮತ ಬರೆದರು. ಕಟ್ಟೆ ಏರುತ್ತಾ ಹೋಗಿ 2017ರ ಜೂನಿನಲ್ಲಿ ಗೇಟುಗಳು ಮುಚ್ಚಿದವು. 2019ರ ಸೆಪ್ಟೆಂಬರಿನಲ್ಲಿ ಜಲಾಶಯ ಮೊದಲ ಬಾರಿಗೆ 138.68 ಮೀಟರಿನ ಪೂರ್ಣಮಟ್ಟಕ್ಕೆ ತುಂಬಿತು. ಕಛ್, ಸೌರಾಷ್ಟ್ರದ ಎಷ್ಟೋ ಊರುಗಳಿಗೆ ನರ್ಮದೆಯ ನೀರು ಹೋಗಿದೆ. ಅದೂ ಸತ್ಯ. ಆ ನೀರು ಕುಡಿಯುವವರನ್ನು ಹಳಿದು ಪ್ರಯೋಜನವಿಲ್ಲ. ನಾವೂ ಹಾಗೆಯೇ ಕುಡಿಯುವವರು.

ಹಾಗಾದರೆ ಅಷ್ಟೆಲ್ಲ ಚಿತ್ರ ತೆಗೆದದ್ದು ದಂಡವಾಯಿತೇ? ಮುಂಬಯಿಯ ಆ ಹೆಂಗಸಿನ ಪ್ರಶ್ನೆ ಮತ್ತೆ ಎದುರು ನಿಲ್ಲುತ್ತದೆ.

ಹರಸೂದ್ ಎಂಬ ಊರನ್ನು ನೋಡಿ. ಮಧ್ಯಪ್ರದೇಶದ ಹಳೆಯ ಪಟ್ಟಣ. 1989ರ ಸೆಪ್ಟೆಂಬರ್ 28ರಂದು ದೇಶದ ಮೂಲೆಮೂಲೆಯಿಂದ ಸಾವಿರಾರು ಜನ ಅಲ್ಲಿ ಸೇರಿ, ಜನರನ್ನು ನುಂಗುವ ಅಭಿವೃದ್ಧಿ ಬೇಡ ಎಂದರು. ಬಾಬಾ ಆಮ್ಟೆ ಇದ್ದರು, ಮೇಧಾ ಪಾಟ್ಕರ್ ಇದ್ದರು. ಹದಿನೈದು ವರ್ಷದ ನಂತರ, 2004ರಲ್ಲಿ, ನರ್ಮದೆಯ ಇನ್ನೊಂದು ಕಟ್ಟೆಯಾದ ಇಂದಿರಾ ಸಾಗರಕ್ಕಾಗಿ ಅದೇ ಹರಸೂದ್ ಖಾಲಿಯಾಯಿತು. ಬಾಗಿಲು, ಕಿಟಕಿ, ಹೆಂಚು ಉಳಿಸಿಕೊಳ್ಳಲು ಜನ ತಮ್ಮ ಮನೆಯನ್ನು ತಮ್ಮ ಕೈಯಿಂದಲೇ ಕೆಡವಿದರು. 2004ರಲ್ಲಿ ಟಿ.ವಿ. ಕ್ಯಾಮೆರಾಗಳು ದಂಡಿಯಾಗಿ ಬಂದಿದ್ದವು. ಆದರೆ ಅವು ಬಂದದ್ದು ಊರು ಸಾಯುವುದನ್ನು ನೋಡಲು. ಊರು ಬದುಕಿದ್ದಾಗ ಹೇಗಿತ್ತು ಎಂದು ತೋರಿಸಲು ಅಷ್ಟು ಕ್ಯಾಮೆರಾಗಳು ಬಂದಿರಲಿಲ್ಲ. ಸುದ್ದಿಯ ಕ್ಯಾಮೆರಾಕ್ಕೂ ಸಾಕ್ಷಿಯ ಕ್ಯಾಮೆರಾಕ್ಕೂ ಇರುವ ಅಂತರ ಇದೇ. ಒಂದು ನೀರಿನ ಹಿಂದೆ ಬರುತ್ತದೆ, ಇನ್ನೊಂದು ನೀರಿಗಿಂತ ಮುಂಚೆ ಬರುತ್ತದೆ.

ಅಪರಾಧಕ್ಕೆ ಮುಂಚಿನ ಸ್ಥಳ

ಈ 'ಮುಂಚೆ'ಯನ್ನೇ ತನ್ನ ಕಲೆಯ ಜೀವ ಮಾಡಿಕೊಂಡವರು ದೆಹಲಿಯ ಅಮರ್ ಕಂವರ್. 1964ರಲ್ಲಿ ಹುಟ್ಟಿದವರು. ಸಾಕ್ಷ್ಯಚಿತ್ರದಿಂದ ಶುರುಮಾಡಿ ಕಲಾ ಗ್ಯಾಲರಿಯವರೆಗೆ ವಿಡಿಯೋವನ್ನು ಒಯ್ದವರು. 1999ರಿಂದ ಅವರು ಒಡಿಶಾಕ್ಕೆ ಹೋಗಿ ಬಂದು ಮಾಡುತ್ತಿದ್ದರು. ಕಬ್ಬಿಣದ ಅದಿರು, ಬಾಕ್ಸೈಟು, ಉಕ್ಕಿನ ಕಾರ್ಖಾನೆ, ಬಂದರು ಎಂದು ಒಡಿಶಾದ ನೆಲಕ್ಕೆ ಬೇಡಿಕೆ ಬಂದ ಕಾಲ ಅದು. 2006ರ ಜನವರಿ 2ರಂದು ಕಳಿಂಗನಗರದಲ್ಲಿ ಉಕ್ಕಿನ ಕಾರ್ಖಾನೆಗೆ ಗೋಡೆ ಕಟ್ಟುವುದನ್ನು ವಿರೋಧಿಸಿದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು.

ಕಂವರ್ 2011ರಲ್ಲಿ ಮಾಡಿದ 42 ನಿಮಿಷದ ಚಿತ್ರದ ಹೆಸರು 'ದಿ ಸೀನ್ ಆಫ್ ಕ್ರೈಮ್', ಅಂದರೆ ಅಪರಾಧದ ಸ್ಥಳ. ಹೆಸರು ಕೇಳಿ ರಕ್ತ, ಲಾಠಿ, ಕೂಗಾಟ ಎಂದುಕೊಂಡು ಕೂತರೆ ನಿಮಗೆ ಕಾಣುವುದು ಗಾಳಿಗೆ ಅಲುಗುವ ಹುಲ್ಲು, ಹರಿಯುವ ನೀರು, ಮರ, ಹೊಲ. ಅಷ್ಟೇ! ಆದರೆ ಆ ಚಿತ್ರದ ಹೆಚ್ಚುಕಡಿಮೆ ಪ್ರತಿಯೊಂದು ಜಾಗವೂ ಸ್ವಾಧೀನದ ಪಟ್ಟಿಯಲ್ಲಿ ಇದ್ದ ಜಾಗ. ಆ ಹುಲ್ಲು, ಆ ಮರ ಕಾಗದದ ಮೇಲೆ ಆಗಲೇ ಇಲ್ಲವಾಗಿದ್ದವು. ಅಪರಾಧ ಇನ್ನೂ ಆಗಬೇಕಿದೆ, ಸ್ಥಳವನ್ನು ಈಗಲೇ ನೋಡಿಕೊಳ್ಳಿ ಎನ್ನುತ್ತದೆ ಚಿತ್ರ. ಒಮ್ಮೆ ಇದು ತಿಳಿದ ಮೇಲೆ ಹುಲ್ಲನ್ನು ಸುಮ್ಮನೆ ನೋಡಲು ಆಗುವುದಿಲ್ಲ.

ಇದು ಒಂದು ಭಾಗ ಮಾತ್ರ. ಭುವನೇಶ್ವರದ 'ಸಮದೃಷ್ಟಿ' ಎಂಬ ಪತ್ರಿಕಾ ಬಳಗದ ಜೊತೆ ಸೇರಿ ಕಂವರ್ ಕಟ್ಟಿದ ಪ್ರದರ್ಶನದ ಹೆಸರು 'ದಿ ಸಾವರಿನ್ ಫಾರೆಸ್ಟ್'. 2012ರಲ್ಲಿ ಅದು ಜರ್ಮನಿಯ ಕಾಸೆಲ್ ನಗರದ ದೊಡ್ಡ ಕಲಾಮೇಳದಲ್ಲಿ ಕಾಣಿಸಿತು. ಅದೇ ವರ್ಷ ಭುವನೇಶ್ವರದಲ್ಲೂ ತೆರೆಯಿತು, ಯಾರ ನೆಲದ ಕತೆಯೋ ಅವರೇ ಬಂದು ನೋಡಲಿ ಎಂದು. ಗೋಡೆಯ ಮೇಲೆ 272 ಬಗೆಯ ನಾಟಿ ಭತ್ತದ ಬೀಜಗಳು. ಕೈಯಿಂದ ಮಾಡಿದ ದೊಡ್ಡ ಪುಸ್ತಕಗಳು, ಅವುಗಳ ಹಾಳೆಯ ಮೇಲೇ ಬೀಳುವ ವಿಡಿಯೋ. ಜನ ತಾವೇ ತಂದುಕೊಡುವ ಪುರಾವೆಗಳನ್ನೂ ಅದರೊಳಗೆ ಸೇರಿಸಿಕೊಳ್ಳುವ ಏರ್ಪಾಡು. ಕವಿತೆ ಕೂಡ ಕೋರ್ಟಿನಲ್ಲಿ ಸಾಕ್ಷ್ಯವಾಗಬಾರದೇಕೆ ಎಂಬುದು ಕಂವರ್ ಎತ್ತಿದ ಪ್ರಶ್ನೆ. 272 ಬಗೆಯ ಭತ್ತವನ್ನು ಒಂದೆಡೆ ಕಂಡಾಗ ಪ್ರಶ್ನೆ ಅತಿಯಾಯಿತು ಎನಿಸುವುದಿಲ್ಲ. 'ಎಕರೆಗೆ ಇಷ್ಟು ರೂಪಾಯಿ' ಎನ್ನುವ ಲೆಕ್ಕದಲ್ಲಿ ಆ 272 ಎಲ್ಲಿ ಬರುತ್ತದೆ ಹೇಳಿ?

ಒಡಿಶಾದಲ್ಲಿ ಎಲ್ಲವೂ ಸೋಲಲಿಲ್ಲ ಎನ್ನುವುದನ್ನೂ ಹೇಳಬೇಕು. ಸುಪ್ರೀಂ ಕೋರ್ಟಿನ ಆದೇಶದಂತೆ 2013ರಲ್ಲಿ ನಿಯಮಗಿರಿ ಬೆಟ್ಟದ 12 ಗ್ರಾಮಸಭೆಗಳು ಕೂತು, ಹನ್ನೆರಡೂ ಗಣಿ ಬೇಡವೆಂದವು. ಬೆಟ್ಟ ಉಳಿಯಿತು. ವೀಳ್ಯದೆಲೆ ತೋಟಗಳ ಸೀಮೆಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಲು 2005ರಲ್ಲಿ ಬಂದ ಕೊರಿಯಾದ ಪೋಸ್ಕೋ ಕಂಪನಿ 2017ರಲ್ಲಿ ಹಿಂದೆ ಸರಿಯಿತು. ಇದನ್ನು ಮಾಡಿದವರು ಅಲ್ಲಿನ ಜನ. ಕ್ಯಾಮೆರಾ ಅವರ ಪಕ್ಕದಲ್ಲಿ ನಿಂತಿತ್ತು, ಅಷ್ಟೇ. ಅಷ್ಟು ಸಾಕು.

ಕ್ಯಾಮೆರಾ ಕೈ ಬದಲಿಸಿದಾಗ

ಇಲ್ಲಿಯವರೆಗೆ ಹೇಳಿದವರೆಲ್ಲ ಹೊರಗಿನಿಂದ ಹೋದವರು. ನೆಲದವನೇ ಕ್ಯಾಮೆರಾ ಹಿಡಿದರೆ? ಜಾರ್ಖಂಡಿನ ರಾಂಚಿಯಲ್ಲಿ ಮೇಘನಾಥ್ ಮತ್ತು ಬಿಜು ಟೊಪ್ಪೊ 'ಅಖಡಾ' ಎಂಬ ಬಳಗ ಕಟ್ಟಿದರು. ಊರ ಜನ ಸೇರಿ ಕುಣಿಯುವ, ಮಾತಾಡುವ ಬಯಲಿಗೆ ಅಲ್ಲಿ ಅಖಡಾ ಎನ್ನುತ್ತಾರೆ. ಬಿಜು ಸ್ವತಃ ಒರಾಂವ್ ಆದಿವಾಸಿ. 2005ರ ಅವರ 'ಗಾಡಿ ಲೋಹರದಗಾ ಮೇಲ್' ಒಂದು ಹಳೆಯ ನ್ಯಾರೋ ಗೇಜ್ ರೈಲಿನ ಕೊನೆಯ ದಿನಗಳ ಚಿತ್ರ. ಒಂದು ರೈಲು ನಿಂತರೆ ಸಂತೆಗೆ ಹೋಗುವ ದಾರಿ, ಬೋಗಿಯಲ್ಲಿ ಹಾಡುವ ಹಾಡು ಎಲ್ಲವೂ ಬದಲಾಗುತ್ತವೆ. ಮುಂದೆ ಅವರು ಸ್ಪಾಂಜ್ ಐರನ್ ಕಾರ್ಖಾನೆಗಳ ಹೊಗೆಗೆ ಸಿಕ್ಕ ಹಳ್ಳಿಗಳ ಮೇಲೆ 'ಲೋಹಾ ಗರಮ್ ಹೈ' ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ತಮ್ಮವರ ಮುಂದೆ ತಮ್ಮವನೇ ಕ್ಯಾಮೆರಾ ಇಟ್ಟಾಗ ಜನ ಬೇರೆ ರೀತಿ ಮಾತಾಡುತ್ತಾರೆ. ಮೈಕು ಹಿಡಿದು ಬದುಕುವ ನಮಗೆ ಇದು ಚೆನ್ನಾಗಿ ಗೊತ್ತು. ಅಪರಿಚಿತರ ಮೈಕಿಗೆ ಹೇಳಿಕೆ ಸಿಗುತ್ತದೆ, ಪರಿಚಿತರ ಮೈಕಿಗೆ ಮಾತು ಸಿಗುತ್ತದೆ.

ಚೆನ್ನೈ ಕೇಳುಗರು ನಮ್ಮನ್ನು ಮರೆತಿರಾ ಎನ್ನಬಾರದಲ್ಲ! ನಿಮ್ಮೂರ ಉತ್ತರದ ಎಣ್ಣೂರು ಕೊಲ್ಲಿಯ ದಂಡೆಯಲ್ಲಿ ಉಷ್ಣ ವಿದ್ಯುತ್ ಸ್ಥಾವರಗಳ ಬೂದಿ ತುಂಬಿದ ನೆಲವಿದೆ. 2017ರ ಜನವರಿಯಲ್ಲಿ ಟಿ.ಎಂ. ಕೃಷ್ಣ ಅಲ್ಲಿ ನಿಂತು ಹಾಡಿದ 'ಚೆನ್ನೈ ಪೊರಂಬೋಕು ಪಾಡಲ್' ವಿಡಿಯೋ ಹೊರಬಂತು. ರಾಗಮಾಲಿಕೆ, ಆದರೆ ಮಾತು ಬೀದಿಯ ತಮಿಳು. ಪೊರಂಬೋಕು ಎಂದರೆ ಯಾರೊಬ್ಬರ ಹೆಸರಿಗೂ ಇಲ್ಲದ, ಎಲ್ಲರಿಗೂ ಸೇರಿದ ನೆಲ. ನಮ್ಮ ಗೋಮಾಳ, ಗುಂಡುತೋಪು, ಕೆರೆಯಂಗಳ ಇದ್ದಂತೆ. ಕಾಲ ಕಳೆದಂತೆ ಅದು ಕೆಲಸಕ್ಕೆ ಬಾರದವನನ್ನು ಬೈಯುವ ಮಾತಾಯಿತು. ನೆಲಕ್ಕೆ ಬೆಲೆ ಹೋದರೆ ಪದಕ್ಕೂ ಮರ್ಯಾದೆ ಹೋಗುತ್ತದೆ ನೋಡಿ. ಸಭಾಂಗಣದ ಕಛೇರಿ ಸಂಗೀತ ಬೂದಿಯ ನಡುವೆ ಕೇಳಿದಾಗ ಎಷ್ಟೋ ಜನ ಮೊದಲ ಸಲ ಎಣ್ಣೂರನ್ನು ನೋಡಿದರು. ಕಿವಿ ಕಣ್ಣಿಗೆ ದಾರಿ ತೋರಿಸಿತು!

ನಿಮ್ಮ ಅಟ್ಟದ ಮೇಲಿನ ಸಾಕ್ಷಿ

ಈಗ ಸ್ವಲ್ಪ ನಮ್ಮ ಮನೆಯ ಮಾತು. ನಮ್ಮ ಕೇಳುಗರಲ್ಲಿ ಬಾಗಲಕೋಟೆ, ವಿಜಯಪುರ ಕಡೆಯಿಂದ ಮುಂಬಯಿ, ಪುಣೆಗೆ ಬಂದವರಿದ್ದೀರಿ. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಓಣಿಗಳು ನೀರಿಗೆ ಹೋದವು, ಜನ ನವನಗರಕ್ಕೆ ಹೋದರು. ಶರಾವತಿಯ ಕಾಲಕ್ಕೆ ವಿಡಿಯೋ ಇರಲಿಲ್ಲ. ಆದರೆ ಬಾಗಲಕೋಟೆಯ ಕಾಲಕ್ಕೆ ಇತ್ತು! 1990ರ ಆಚೀಚೆ ನಿಮ್ಮ ಅಕ್ಕನ, ಅಣ್ಣನ ಮದುವೆಗೆ ವಿಡಿಯೋದವನು ಬಂದಿದ್ದನಲ್ಲ? ಅವನು ತೆಗೆದದ್ದು ಅಕ್ಷತೆ, ಆರತಿ, ಊಟದ ಸಾಲು. ಆದರೆ ಹಿಂದೆ ಏನಿದೆ ನೋಡಿ. ಹಳೆಯ ಮನೆಯ ಪಡಸಾಲೆ, ಕಂಬ, ಅಂಗಳ, ದಿಬ್ಬಣ ಹೋದ ಓಣಿ, ತಿರುವಿನಲ್ಲಿದ್ದ ಬೇವಿನ ಮರ. ಅವನಿಗೆ ಗೊತ್ತಿಲ್ಲದೆಯೇ ಅವನು ಸಾಕ್ಷಿಯಾದ.

ಆ ಕ್ಯಾಸೆಟ್ ಈಗ ಎಲ್ಲಿದೆ? ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಪಾತ್ರೆಯ ನಡುವೆ. ಕ್ಯಾಸೆಟ್ಟಿನ ಕಂದು ಪಟ್ಟಿ ಶಾಶ್ವತವಲ್ಲ. ತೇವಕ್ಕೆ ಬೂಸು ಹಿಡಿಯುತ್ತದೆ, ವರ್ಷ ಕಳೆದಂತೆ ಚಿತ್ರ ಮಂಕಾಗುತ್ತದೆ. ಓಡಿಸುವ ಯಂತ್ರವೂ ಸಿಗುತ್ತಿಲ್ಲ. ವಿ.ಸಿ.ಆರ್. ಮಾಡುತ್ತಿದ್ದ ಜಪಾನಿನ ಕೊನೆಯ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿತು. ನೀರು ಒಮ್ಮೆ ಮುಳುಗಿಸಿದ್ದನ್ನು ಧೂಳು ಎರಡನೇ ಸಲ ಮುಳುಗಿಸುತ್ತಿದೆ.

ಆದ್ದರಿಂದ ಒಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ಆ ಕ್ಯಾಸೆಟ್ ಹುಡುಕಿ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಗಳು ನಿಮ್ಮ ನಗರದಲ್ಲಿ ಇನ್ನೂ ಸಿಗುತ್ತವೆ, ತಡ ಮಾಡಿದರೆ ಅವೂ ಸಿಗಲಿಕ್ಕಿಲ್ಲ. ಇಳಿಸಿದ ಮೇಲೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅವರು ವಧೂವರರನ್ನು ನೋಡುವುದಿಲ್ಲ, ಹಿಂದಿನ ಗೋಡೆಯನ್ನು ನೋಡುತ್ತಾರೆ. "ಇದು ಯಾರ ಮನೆ, ಈ ಓಣಿಗೆ ಏನನ್ನುತ್ತಿದ್ದರು, ಈ ಬಾವಿ ಯಾರು ತೋಡಿಸಿದ್ದು" ಎಂದು ಕೇಳಿ. ಅವರು ಹೇಳುವಾಗ ನಿಮ್ಮ ಮೊಬೈಲಿನಲ್ಲಿ ದನಿ ಹಿಡಿಯಿರಿ. ದನಿಯ ಮೊದಲಿಗೆ ತಾರೀಕು, ಊರ ಹೆಸರು, ಮಾತಾಡುವವರ ಹೆಸರು ಹೇಳಿಸಿ. ಚಿತ್ರಕ್ಕೆ ಹೆಸರು ಸೇರಿದಾಗಲೇ ಅದು ಸಾಕ್ಷಿ. ಇಲ್ಲದಿದ್ದರೆ ಅದು ಬರೀ ಹಳೆಯ ಮನೆಯ ಪಟ.

ಕಣಿವೆಯಲ್ಲಿ, ಕಾಡಿನಲ್ಲಿ ಕ್ಯಾಮೆರಾ ಹಿಡಿದವರು ಮೂವತ್ತು ನಲವತ್ತು ವರ್ಷ ಮಾಡಿದ್ದೂ ಬಹುಪಾಲು ಇಷ್ಟೇ. ಮುಂಚೆ ಹೋದರು, ಮತ್ತೆ ಮತ್ತೆ ಹೋದರು, ಹೆಸರು ಕೇಳಿದರು, ಬೈದರೆ ಬೈಗುಳವನ್ನೂ ಉಳಿಸಿಕೊಂಡರು. ನೀರು ನಿಲ್ಲಿಸಲು ಅವರಿಂದ ಆಗಲಿಲ್ಲ. ಆದರೆ "ಅಲ್ಲಿ ಯಾರೂ ಇರಲಿಲ್ಲ" ಎಂದು ಇನ್ನು ಯಾರೂ ಹೇಳುವಂತಿಲ್ಲ.

ಹಿರಿಯರ ದನಿ ಹಿಡಿದಾದ ಮೇಲೆ, ಅವರ ಒಪ್ಪಿಗೆ ಇದ್ದರೆ, ನಮಗೂ ಒಂದು ಸಾಲು ಬರೆಯಿರಿ. ನಿಮ್ಮ ಊರಿನ ಆ ಓಣಿಯ ಹೆಸರನ್ನು ಒಮ್ಮೆಯಾದರೂ ಗಾಳಿಯಲ್ಲಿ ಹೇಳುವ ಆಸೆ ನನ್ನದು.

ಮತ್ತೆ ದನಿಯಲ್ಲಿ ಸಿಗೋಣ. ಕೇಳುತ್ತಿರಿ.